ಖಾನಾವಳಿಯ ಫ್ರಿಜ್ಜೂ ಮೈದುನನ ಗೋಡೆಯೂ

ತಮ್ಮ ಮನೆಯ ಫ್ರಿಜ್ಜು ಸಪ್ಪಳ ಮಾಡುತ್ತದೆ ಎಂದು ಈಗಲೂ ಓಣಿಯ ಹೆಣ್ಣುಮಕ್ಕಳು ಬಂದು ನನ್ನನ್ನು ಕೇಳುತ್ತಾರೆ. ಎಂಥ ಸಪ್ಪಳ ಎಂದರೆ ಹೇಳಲು ಬರುವುದಿಲ್ಲ. ಏನೋ ಗುಂಯ್ ಅಂತೈತ್ರಿ ಎನ್ನುತ್ತಾರೆ, ಅಷ್ಟೆ. ಯಾವಾಗ ಗುಂಯ್ ಎನ್ನುತ್ತದೆ, ನಡುನಡುವೆ ನಿಲ್ಲುತ್ತದೋ ಇಲ್ಲವೋ, ನಿಲ್ಲುವಾಗ ಏನನ್ನುತ್ತದೆ, ಹೋಗಿ ಕೇಳಿಕೊಂಡು ಬಾ ಎಂದು ತಿರುಗಿ ಕಳಿಸುತ್ತೇನೆ. ನಾನು ಇದನ್ನು ಕಲಿತದ್ದು ಬೈಲಹೊಂಗಲದಲ್ಲಿ ಖಾನಾವಳಿ ನಡೆಸುತ್ತಿದ್ದಾಗ, ಒಂದು ಬೇಸಿಗೆಯಲ್ಲಿ. ಸುಖವಾಗಿ ಕಲಿಯಲಿಲ್ಲ.

ಸವದತ್ತಿ ಹತ್ತಿರ ಆಣೆಕಟ್ಟಿನ ಕೆಲಸ ಮುಗಿಯುತ್ತ ಬಂದಿದ್ದ ಕಾಲ. ಅಲ್ಲಿಯ ಕಾಲನಿಯಲ್ಲಿದ್ದ ಸಾಹೇಬರಿಗೆಲ್ಲ ಬೇರೆ ಕಡೆ ವರ್ಗವಾಗುತ್ತಿತ್ತು. ಹೋಗುವವರು ಮಂಚ, ಕುರ್ಚಿ, ಫ್ಯಾನು ಎಲ್ಲ ಮಾರಿ ಹೋಗುತ್ತಿದ್ದರು. ಒಬ್ಬ ಸಾಹೇಬರ ಹೆಂಡತಿ ಫ್ರಿಜ್ಜು ಮಾರುತ್ತಾಳೆ ಎಂದು ನನ್ನಲ್ಲಿ ಊಟಕ್ಕೆ ಬರುತ್ತಿದ್ದ ಲಾರಿ ಡ್ರೈವರ್ ಹೇಳಿದ. ನಾನು ನನ್ನ ಪಾಟ್ಲಿ ಮಾರಿ ಅದನ್ನು ತೆಗೆದುಕೊಂಡೆ. ಗಂಡ ಸತ್ತ ಮೇಲೆ ಪಾಟ್ಲಿ ಕೈಗೆ ಹಾಕುವಂತಿರಲಿಲ್ಲ, ಗಡಿಗೆಯಲ್ಲಿ ಬಿದ್ದಿದ್ದವು. ಬಿದ್ದ ಬಂಗಾರಕ್ಕಿಂತ ದುಡಿಯುವ ತಗಡು ಮೇಲು ಅನಿಸಿತು.

ಯಾಕೆ ಬೇಕಾಗಿತ್ತು ಎಂದರೆ ಮೊಸರಿಗೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಝುಣಕ, ಕಾಳುಪಲ್ಯ, ಶೇಂಗಾ ಹಿಂಡಿ ಎಲ್ಲರೂ ಮಾಡುತ್ತಾರೆ. ಜನ ಎಣಿಸುವುದು ಮೊಸರನ್ನು. ಕೋರ್ಟಿಗೆ ಬಂದವರು, ಹತ್ತಿ ಪ್ಯಾಟಿಗೆ ಬಂದವರು, ಬಸ್ಸಿನವರು, ಎಲ್ಲರೂ ಕೊನೆಗೆ ಮೊಸರಿನ ಮೇಲೆ ಮಾತಾಡಿ ಹೋಗುತ್ತಾರೆ. ಬೇಸಿಗೆಯಲ್ಲಿ ಬೆಳಿಗ್ಗೆ ಗಟ್ಟಿಯಾಗಿದ್ದ ಮೊಸರು ಊಟದ ಹೊತ್ತಿಗೆ ನೀರು ಬಿಟ್ಟು ಹುಳಿಯಾಗಿ ಹೋಗುತ್ತಿತ್ತು. ಬಸ್‌ಸ್ಟ್ಯಾಂಡಿನ ಎದುರಿಗೆ ಇನ್ನೊಂದು ಖಾನಾವಳಿ ಶುರುವಾಗಿತ್ತು. ಅದರ ಮಾಲಕ ಹಾಲಿನವರಿಂದ ಹೊತ್ತುಹೊತ್ತಿಗೆ ಹೊಸ ಮೊಸರು ತರಿಸುತ್ತಿದ್ದ.

ನನ್ನ ಮನೆಯ ಸ್ಥಿತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಂಡ ಸತ್ತ ಮೇಲೆ ಮನೆಯ ಮುಂದಿನ ಅರ್ಧ ನನಗೆ, ಹಿಂದಿನ ಅರ್ಧ ಮೈದುನನಿಗೆ ಎಂದು ಬಾಯಿಮಾತಿನಲ್ಲಿ ಆಗಿತ್ತು. ನಡುವೆ ಒಂದು ಮಣ್ಣಿನ ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಆ ಕಡೆಗೆ ಅವರ ಎಮ್ಮೆಯ ಕೊಟ್ಟಿಗೆ, ಬಾವಿ. ಈ ಕಡೆಗೆ ನನ್ನ ಒಲೆ. ಮೈದುನನಿಗೆ ನನ್ನ ಅರ್ಧವನ್ನು ಹತ್ತಿಯ ದಲಾಲಿಗೆ ಬಾಡಿಗೆ ಕೊಡುವ ಆಸೆ ಇತ್ತು. ನಾನು ಖಾನಾವಳಿ ಮುಚ್ಚಿದರೆ ಅವನ ಮನೆಯಲ್ಲಿ ಉಂಡುಕೊಂಡು, ಅವನ ಮನೆಯ ಒಲೆ ಊದಿಕೊಂಡು ಇರಬೇಕು. ವಿಧವೆ ಅತ್ತಿಗೆಯ ಬಾಳು ಎಂದರೆ ಅದೇ. ಅದನ್ನು ನಾನು ಬೇರೆ ಮನೆಗಳಲ್ಲಿ ನೋಡಿದ್ದೆ. ನನಗೆ ಅದು ಬೇಡವಾಗಿತ್ತು. ಖಾನಾವಳಿ ನಡೆದರೆ ಒಲೆ ನನ್ನದು, ನಿಂತರೆ ಅವನದು. ಲೆಕ್ಕ ಇಷ್ಟೇ.

ಫ್ರಿಜ್ಜು ಹತ್ತಿಯ ಅಂಡಿಗೆಗಳ ಮೇಲೆ ಮಲಗಿಕೊಂಡು ಲಾರಿಯಲ್ಲಿ ಬಂತು. ಹಮಾಲರು ಇಳಿಸಿದರು. ಎಲ್ಲಿಡುವುದು ಎಂದಾಗ ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ನಡುಗೋಡೆಯಲ್ಲಿ ಹಿಂದಿನವರು ಜೋಳದ ಕಣಜ ಇಡಲು ಕೊರೆದ ದೊಡ್ಡ ಗೂಡು ಇತ್ತು. ಅಳೆದು ಮಾಡಿಸಿದಂತೆ ಫ್ರಿಜ್ಜು ಅದರಲ್ಲಿ ಕೂತಿತು. ನಮ್ಮ ಕಡೆ ಮಣ್ಣಿನ ಮನೆಗಳಲ್ಲಿ ಯಾವ ಸಾಮಾನಿನ ಹಿಂದೆಯೂ ಸಂದು ಬಿಡುವುದಿಲ್ಲ. ಸಂದು ಬಿಟ್ಟರೆ ಇಲಿ, ಇಲಿ ಬಂದರೆ ಅದರ ಹಿಂದೆ ಹಾವು. ಕಣಜ ಇಟ್ಟರೂ ಸುತ್ತ ಮಣ್ಣು, ಹೊಟ್ಟು, ಸೆಗಣಿ ಕಲಸಿ ಮೆತ್ತುತ್ತಾರೆ. ಮೈದುನ ಅವತ್ತು ಒಳ್ಳೆಯ ಮನಸ್ಸಿನಲ್ಲೇ ತನ್ನ ಗೌಂಡಿಯನ್ನು ಕಳಿಸಿದ. ಗೌಂಡಿ ಫ್ರಿಜ್ಜಿನ ಸುತ್ತ, ಮೇಲೆ, ಎರಡೂ ಮಗ್ಗುಲು, ವಾಯರ್ ಬರಲು ಒಂದು ತೂತು ಬಿಟ್ಟು, ಕೈಯಿಂದ ನುಣ್ಣಗೆ ಮೆತ್ತಿಕೊಟ್ಟ. ಬಾಗಿಲು ಒಂದು ಹೊರಗೆ ಕಾಣುತ್ತಿತ್ತು. ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅದರ ಮೇಲೆ ವಿಭೂತಿ ಬಳಿದಳು. ಚೆಂದ ಕಾಣುತ್ತಿತ್ತು. ಯಾರಿಗೂ ತಪ್ಪು ಅನಿಸಲಿಲ್ಲ.

ಅವತ್ತೇ ಚಾಲೂ ಮಾಡಿದೆವು. ಗೂಡಿನಲ್ಲಿ ಯಾರೋ ಕಲ್ಲು ತುಂಬಿದ ಡಬ್ಬಿ ಅಲ್ಲಾಡಿಸಿದಂತೆ ಸಪ್ಪಳ ಬಂತು. ನನ್ನಲ್ಲಿ ಕೆಲಸಕ್ಕಿದ್ದ ರೊಟ್ಟಿ ಬಡಿಯುವವಳು ಕೈ ನಿಲ್ಲಿಸಿದಳು. ಹೊಸದರಲ್ಲಿ ಹಾಗೇ ಎಂದು ಯಾರೋ ಅಂದರು. ಅದು ಹೊಸದಲ್ಲ, ಹಳೆಯದು ಎಂದು ನಾನು ಅಂದೆ.

ಮರುದಿನವೂ ಹಾಗೆಯೇ. ಅದರ ಮರುದಿನ ಇನ್ನೊಂದು ಸಪ್ಪಳ ಕೂಡಿತು. ಝುಂ ಎಂದು ತಿಣುಕುವುದು, ಟಕ್ ಎಂದು ಸುಮ್ಮನಾಗುವುದು, ಸ್ವಲ್ಪ ಹೊತ್ತಿಗೆ ಮತ್ತೆ ಝುಂ, ಮತ್ತೆ ಟಕ್. ಉಣ್ಣಲು ಕೂತವರಿಗೆ ಹೊಸ ಆಟ ಸಿಕ್ಕಿತು.

"ಅಕ್ಕಾರ, ಊಟಕ್ಕ ಬಂದೇವೋ, ಹಿಟ್ಟಿನ ಗಿರಣಿಗೆ ಬಂದೇವೋ?"

"ಜ್ವಾಳಾ ತಂದಿದ್ರ ಕೊಡು, ಬೀಸಿ ಕೊಡತೇನಿ. ಇಲ್ಲಂದ್ರ ಉಣ್ಣು ಸುಮ್ನ."

"ಒಳಗ ಯಾರನ್ನ ಕೂಡಿ ಹಾಕೀರಿ? ಬಾಗಲಾ ತಗೀರಿ ಅಂತ ಬಡ್ಯಾಕತ್ತಾನ ನೋಡ್ರಿ."

"ಬಾಕಿ ಕೊಡದವರನ್ನ ಹಾಕೇನಿ. ನಿನಗೂ ಜಾಗಾ ಐತಿ."

ನಕ್ಕರು. ನಗುವವರು ನಕ್ಕು ಉಂಡು ಹೋದರೆ ನನಗೇನೂ ಬೇನೆ ಇರಲಿಲ್ಲ. ಆದರೆ ಒಳಗಿನ ಮೊಸರು ಹೊರಗಿನ ಮೊಸರಿನ ಹಾಗೆಯೇ ಹುಳಿಯಾಗತೊಡಗಿತು. ಬರ್ಫಿನ ಡಬ್ಬಿಯಲ್ಲಿ ಇಟ್ಟ ನೀರು ನೀರಾಗಿಯೇ ಇತ್ತು. ಕರೆಂಟಿನ ದುಡ್ಡೂ ಹೋಯಿತು, ಮೊಸರೂ ಹೋಯಿತು.

ಕರೆಂಟಿನ ವಾಯರ್‌ಮನ್ ನನ್ನಲ್ಲೇ ಉಣ್ಣುತ್ತಿದ್ದ. ಅವನನ್ನು ಹಿಡಿದು ತೋರಿಸಿದೆ. ಸ್ವಿಚ್ಚು ಬಿಚ್ಚಿದ, ಪ್ಲಗ್ಗು ಬಿಚ್ಚಿದ, ಟೆಸ್ಟರ್ ಹಚ್ಚಿದ.

"ಅಕ್ಕಾರ, ನನ್ನ ಕಡೆಯಿಂದ ಎಲ್ಲಾ ಚಲೋ ಐತ್ರಿ. ಒಳಗಿಂದು ನನಗ ಗೊತ್ತಿಲ್ಲ. ಸುಳ್ಳ ಯಾಕ ಹೇಳ್ಲಿ?"

"ಝುಂ ಟಕ್ ಅಂತೈತೆಲ್ಲ, ಅದು?"

ಅವನು ತಲೆ ಮೇಲೆ ತೂಗುತ್ತಿದ್ದ ಬಲ್ಬು ತೋರಿಸಿದ. "ಇದನ್ನ ನೋಡ್ರಿ. ಹತ್ತಿ ಕಾರಖಾನಿ ಎಲ್ಲಾ ಒಮ್ಮೆ ಚಾಲೂ ಆದ್ವು ಅಂದ್ರ ಬಲ್ಬ ಕೆಂಪ ಆಗತೈತಿ. ಆಗ ಮೋಟರ್ ಏಳಾಕ ನೋಡತೈತಿ, ಶಕ್ತಿ ಸಾಲೂದಿಲ್ಲ, ಬೀಳತೈತಿ. ಬಲ್ಬ ಕೆಂಪ ಆದ್ರ ನೀವ ಬಂದ್ ಮಾಡ್ರಿ. ಬೆಳ್ಳಗಾದ ಮ್ಯಾಲ ಲಗೂನ ಹಚ್ಚಬ್ಯಾಡ್ರಿ, ಎರಡ ರೊಟ್ಟಿ ಬೇಯೂಷ್ಟ ತಡೀರಿ."

ಆ ಮಾತು ಉಪಯೋಗಕ್ಕೆ ಬಂತು. ಮಧ್ಯಾಹ್ನ ಬಲ್ಬು ಹಾಕಿಟ್ಟೇ ರೊಟ್ಟಿ ಬೇಯಿಸಿದೆ. ಬಲ್ಬು ಕೆಂಪಾದಾಗ ಬಂದ್ ಮಾಡಿದೆ. ಝುಂ ಟಕ್ ಎಂಬ ಸಪ್ಪಳ ಆ ದಿನದಿಂದ ಹೋಯಿತು. ಆಗ ನನಗೆ ಒಂದು ತಿಳಿಯಿತು. ಇದು ಒಂದು ಸಪ್ಪಳ ಅಲ್ಲ, ಹಲವು ಸಪ್ಪಳ ಕೂಡಿದ ಗದ್ದಲ. ಒಂದೊಂದನ್ನೇ ಬಿಡಿಸಬೇಕು. ರೊಟ್ಟಿ ಬಡಿಯುವ ಕೈ ಬೇರೆಬೇರೆಯಾದರೆ ಒಳಗೆ ಕೂತೇ ಯಾರು ಬಡಿಯುತ್ತಿದ್ದಾರೆ ಎಂದು ನಾನು ಹೇಳುತ್ತೇನೆ. ಇದನ್ನೂ ಹಾಗೇ ಕೇಳಿದೆ. ಮೊದಲು ಫ್ರಿಜ್ಜಿನ ಒಳಗಿನ ಪಾತ್ರೆಗಳನ್ನೆಲ್ಲ ಹೊರಗೆ ತೆಗೆದೆ. ಒಂದು ಸಣ್ಣ ಗಿಲಿಗಿಲಿ ಹೋಯಿತು. ತಟ್ಟೆಗೆ ತಟ್ಟೆ ತಾಗುತ್ತಿತ್ತು, ನಡುವೆ ಬಟ್ಟೆ ಹಾಕಿದೆ. ಆದರೆ ಕಲ್ಲಿನ ಡಬ್ಬಿಯ ಸಪ್ಪಳ ಹೋಗಲಿಲ್ಲ. ಅದರ ಕೆಳಗೆ ಇನ್ನೊಂದು ಇತ್ತು, ಉದ್ದದ ನರಳಿಕೆ. ಅದು ನಿಲ್ಲುತ್ತಲೇ ಇರಲಿಲ್ಲ. ಬೆಳಿಗ್ಗೆಯಿಂದ ನಾನು ಬಂದ್ ಮಾಡುವ ತನಕ ಒಂದೇ ಸಮ.

ವಾಯರ್‌ಮನ್ ಮೋಟರು ಸುಡುವ ಮೊದಲು ಯಾರಿಗಾದರೂ ದಾಟಿಸಿಬಿಡಿ ಎಂದ. ಅವನ ತಪ್ಪಿಲ್ಲ, ಅವನು ನನ್ನ ಹಿತಕ್ಕೇ ಹೇಳಿದ. ನಾನು ಕೇಳಲಿಲ್ಲ.

ಮೈದುನ ಒಂದು ಬೆಳಿಗ್ಗೆ ನಡುವಿನ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ. ಅವನು ಒಳಗೆ ಬರದೆ ಮಾತಾಡಿದರೆ ಜಗಳ ಎಂದು ಅರ್ಥ.

"ವೈನಿ, ನಮ್ಮ ಎಮ್ಮಿ ಹಾಲ ಏರಸ್ಕೊಂಡ ನಿಂತೈತಿ. ನಿಮ್ಮ ಪ್ರಿಜ್ಜ ಗ್ವಾಡಿ ಹಿಂದ ನರಳತೈತಿ, ಅದು ಅಂಜಿ ಹಾಲ ಬಿಡವಲ್ದು."

"ಎಮ್ಮಿ ನಿನಗ ಹೇಳೇತೇನು?"

"ಚ್ಯಾಷ್ಟಿ ಬ್ಯಾಡ್ರಿ. ಗ್ವಾಡಿ ಅದರಾಕತ್ತೈತಿ. ಮ್ಯಾಲಿನ ಮಣ್ಣ ಉದರಾಕತ್ತೈತಿ. ನಾಳೆ ಮಾಳಿಗಿ ಕುಂತ್ರ ಯಾರ ಹೊಣಿ? ಇದನ್ನ ಮಾರ್ರಿ. ಪಾಟ್ಲಿ ಕೇಳದ ಮಾರಿದ್ರಿ, ನಾ ಏನರೆ ಅಂದ್ನೇನು? ಈಗ ಹೇಳಾಕತ್ತೇನಿ. ಸಾಕ ಮಾಡ್ರಿ ಇದನ್ನೆಲ್ಲ. ನಮ್ಮಲ್ಲೆ ಒಂದ ರೊಟ್ಟಿ ನಿಮಗ ಹೆಚ್ಚ ಆಗೂದಿಲ್ಲ."

"ನಿಮ್ಮ ರೊಟ್ಟಿ ಬಡ್ಯಾವ್ರು ಯಾರು, ತಮ್ಮಾ?"

ಬರುವ ಸೋಮವಾರ ಓಣಿಯ ಹಿರಿಯರನ್ನು ಕರೆಸುತ್ತೇನೆ, ಅವರು ಹೇಳಿದ ಹಾಗೆ ಆಗಲಿ ಎಂದು ಹೇಳಿ ಹೋದ. ಮನೆ ಪಾಲು ಮಾಡುವಾಗ ಬಾಯಿಮಾತು ಕೊಡಿಸಿದ್ದು ಅದೇ ಹಿರಿಯರು. ಕೊಟ್ಟ ಬಾಯಿ ತಿರುಗಿ ತೆಗೆದುಕೊಳ್ಳಲೂ ಬಹುದು.

ಅದೇ ವಾರದಲ್ಲಿ ಸಂತೆಯ ದಿನ ಮೊಸರು ಕೆಟ್ಟಿತು. ಸಂಪಗಾಂವ, ಸಂಗೊಳ್ಳಿ ಕಡೆಯಿಂದ ಪ್ರತಿ ಸಂತೆಗೂ ನನ್ನಲ್ಲೇ ಉಣ್ಣುತ್ತಿದ್ದ ಒಕ್ಕಲುತನದವರ ಒಂದು ಗುಂಪು ಇತ್ತು. ಮೊಸರು ಬಾಯಿಗಿಟ್ಟು ತಟ್ಟೆ ಬದಿಗೆ ಸರಿಸಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೈ ತೊಳೆದುಕೊಂಡು ಹೋದರು, ಸಂಜೆ ಊಟಕ್ಕೆ ಬಸ್‌ಸ್ಟ್ಯಾಂಡಿನ ಎದುರಿಗೆ ಕೂತಿದ್ದರಂತೆ.

ಅವತ್ತು ಸಂಜೆ ನೆಗೆಣ್ಣಿ ಹಾಲು ತಂದುಕೊಟ್ಟಳು. ಕಡಿಮೆ ಇತ್ತು. ಗಂಡ ಏನೇ ಅಂದರೂ ಅವಳು ನನಗೆ ಹಾಲು ಕೊಡುವುದನ್ನು ನಿಲ್ಲಿಸಿರಲಿಲ್ಲ. ಹಾಲು ಹಾಕಿ ಹೋಗದೆ ನಿಂತಳು.

"ಅಕ್ಕಾ, ಒಂದ ಮಾತ ಹೇಳ್ಲೇನು? ನಗಬ್ಯಾಡ."

"ನಗೂ ಹೊತ್ತ ಅಲ್ಲ ಇದು. ಹೇಳು."

"ಕೊಟಗಿ ಗ್ವಾಡಿಗೆ ನಾ ಕುಳ್ಳ ಬಡದಿದ್ದೆ. ಹೊರಗ ಜಾಗಾ ಇರ್ಲಿಲ್ಲ ಅಂತ. ಬಿಸಲಾಗಿನ ಕುಳ್ಳ ಇನ್ನಾ ಹಸೀ ಅದಾವ. ನೆಳ್ಳಾಗಿನ ಕುಳ್ಳ ಒಣಗಿ ಬಿದ್ದಾವ. ಎಲ್ಲಾ ಅಲ್ಲ, ನಿನ್ನ ಪ್ರಿಜ್ಜಿನ ಹಿಂದ ಬರತೈತಲ್ಲ, ಅಲ್ಲೆ ಅಷ್ಟ. ಕೈ ಇಟ್ರ ಒಲಿ ಗ್ವಾಡಿ ಆದಂಗ ಆಗೇತಿ."

ಹೋಗಿ ಕೈ ಇಟ್ಟು ನೋಡಿದೆ. ಗೂಡು ಕೊರೆದಲ್ಲಿ ಗೋಡೆ ತೆಳ್ಳಗೆ. ಕಾವು ಅಂಗೈಗೆ ಹತ್ತಿತು. ತಂಪು ಮಾಡಬೇಕಾದ ಯಂತ್ರ ಕೊಟ್ಟಿಗೆಯಲ್ಲಿ ಸೆಗಣಿಯ ಕುಳ್ಳು ಒಣಗಿಸುತ್ತಿತ್ತು. ಮೋಟರು ಸುಟ್ಟಿದ್ದರೆ ಕಾವು ಎಲ್ಲಿಂದ ಬರಬೇಕು? ಅದು ಕೆಲಸ ಮಾಡುತ್ತಿದೆ, ಮಾಡಿದ್ದು ಎಲ್ಲಿಯೋ ಸಿಕ್ಕಿಬಿದ್ದಿದೆ. ಇಷ್ಟು ನನಗೆ ತಿಳಿಯಿತು, ಮುಂದಿನದು ತಿಳಿಯಲಿಲ್ಲ. ತಿಳಿದವರನ್ನು ಕೇಳಬೇಕು.

ಮರುದಿನ ಒಲೆಯನ್ನು ರೊಟ್ಟಿಯವಳಿಗೆ ಒಪ್ಪಿಸಿ ಸವದತ್ತಿ ಬಸ್ಸು ಹತ್ತಿದೆ. ಫ್ರಿಜ್ಜು ಮಾರಿದ ಸಾಹೇಬರ ಹೆಂಡತಿ ಆಗಲೇ ಊರು ಬಿಟ್ಟಿದ್ದಳು, ಬಾಗಿಲಿಗೆ ಕೀಲಿ. ಕಾಲನಿಯಲ್ಲಿ ಮೋಟರು, ಪಂಪು ರಿಪೇರಿ ಮಾಡುವ ಶೆಡ್ಡು ಒಂದಿತ್ತು. ಅಲ್ಲಿಯ ಮಿಸ್ತ್ರಿ ರಾಮದುರ್ಗದ ಕಡೆಯವನು, ಬಾಯಲ್ಲಿ ಎಲೆಅಡಿಕೆ. ಯಾವ ಫ್ರಿಜ್ಜು ಎಂದು ಹೇಳಿದ ಕೂಡಲೇ ಗುರುತು ಹಿಡಿದ.

"ಅದನ್ನ ನಾನ ನೋಡ್ತಿದ್ದೆ ಅಕ್ಕಾರ. ಇಲ್ಲಿಂದ ಹೋಗಾಗ ಬೆಕ್ಕಿನಂಗ ಇತ್ತಲ್ರಿ."

"ಬೈಲಹೊಂಗಲ ಮುಟ್ಟೂದ್ರಾಗ ಹುಲಿ ಆಗೇತಿ."

"ಕಟ್ಟಿಗಿ ತಗದ್ರಿಲ್ಲೋ?"

"ಯಾವ ಕಟ್ಟಿಗಿ?"

ಅವನು ಎಲೆಅಡಿಕೆ ಉಗುಳಿ ಬಂದ. "ಲಾರಿಯಂವಗ ಹೇಳಿ ಕಳಸಿದ್ದೆ. ಹಿಂದ ತಳದಾಗ ಕರೀ ಮೋಟರ್ ಐತೆಲ್ರಿ, ಅದು ಸ್ಪ್ರಿಂಗಿನ ಮ್ಯಾಲ ಕುಂತಿರತೈತಿ, ತೊಟ್ಟಲದಾಗ ಕೂಸ ಇದ್ದಂಗ. ಲಾರ್ಯಾಗ ಕುಣದ ಹರೀಬಾರ್ದಂತ ಎರಡ ಕಟ್ಟಿಗಿ ತುಂಡ ತುರಕಿ ಹಗ್ಗದಿಂದ ಬಿಗದಿದ್ದೆ. ಅದನ್ನ ಬಿಡಿಸದ ಚಾಲೂ ಮಾಡಿದ್ರ ಸಪ್ಪಳ ಮಾಡೂದಿಲ್ಲೇನ್ರಿ? ಮೋಟರ್ ನಡಗಿದ್ದೆಲ್ಲಾ ತಗಡಿಗೆ ಹತ್ತತೈತಿ."

ಡ್ರೈವರ್ ಹೇಳುವುದನ್ನು ಮರೆತಿದ್ದ. ಅವನೂ ನನ್ನಲ್ಲೇ ಉಣ್ಣುವವನು. ಅದನ್ನು ಆಮೇಲೆ ನೋಡಿಕೊಂಡೆ.

"ನರಳೂದು ಯಾಕ? ನಿಲ್ಲವಲ್ದು ಅದು."

"ಹಿಂದ ಎಷ್ಟ ಜಾಗಾ ಬಿಟ್ಟೀರಿ?"

"ಜಾಗಾ ಯಾಕ ಬಿಡೂದು? ಇಲಿ ಸೇರಾಕ? ಸುತ್ತೂ ಮಣ್ಣ ಮೆತ್ತೇವಿ."

ಮಿಸ್ತ್ರಿ ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. "ಅಕ್ಕಾರ, ಒಳಗಿನ ಕಾವ ತಗದ ಹಿಂದಿನ ಜಾಳಗಿಯಿಂದ ಹೊರಗ ಚೆಲ್ಲೂದ ಅದರ ಕೆಲಸ. ಚೆಲ್ಲಾಕ ಜಾಗಾನ ಇಲ್ಲಂದ್ರ ಅದೇನ ಮಾಡ್ಬೇಕು? ದುಡದ ದುಡದ ಸಾಯತೈತಿ. ಒಂದ ಗೇಣ ಬಿಡ್ರಿ. ಮ್ಯಾಲೂ ಬಿಡ್ರಿ."

ಶೆಡ್ಡಿನಲ್ಲಿ ರಿಪೇರಿಯಾಗಿ ನಿಂತ ಇನ್ನೊಂದು ಫ್ರಿಜ್ಜು ಇತ್ತು. ಅದನ್ನು ಚಾಲೂ ಮಾಡು, ಸರಿಯಾದದ್ದರ ಸಪ್ಪಳ ಹೇಗಿರುತ್ತದೆ ಕೇಳುತ್ತೇನೆ ಎಂದೆ. ಅವನು ಹಚ್ಚಿ ತನ್ನ ಕೆಲಸಕ್ಕೆ ಹೋದ. ನಾನು ಅದರ ಮಗ್ಗುಲಿಗೆ ಒಂದು ಡಬ್ಬಿಯ ಮೇಲೆ ಕೂತೆ. ಸಣ್ಣಗೆ ಗುಂಯ್ ಎನ್ನುತ್ತಿತ್ತು. ನಡುವೆ ಹೊಟ್ಟೆ ಹಸಿದವರ ಹಾಗೆ ಗುಳುಗುಳು ಎಂದಿತು. ಇದೇನು ಎಂದೆ. ಕೊಳವೆಯಲ್ಲಿ ಹರಿಯುವುದು, ಅದು ಇರಬೇಕು ಎಂದ. ಚಟ್ ಎಂದು ಒಳಗೆ ಏನೋ ಸಿಡಿಯಿತು. ಬರ್ಫು ಬಿಗಿಯುವುದು, ಅದೂ ಇರಬೇಕು ಎಂದ. ಬಹಳ ಹೊತ್ತಿನ ಮೇಲೆ ಟಕ್ ಎಂದು, ಹಿಂದೆಯೇ ದಡ್ ಎಂದು ಒಮ್ಮೆ ಮೈ ಕೊಡವಿ ನಿಂತಿತು. ನಾನು ಬೆಚ್ಚಿದೆ.

"ಹೆದರಬ್ಯಾಡ್ರಿ. ನಿಲ್ಲೂವಾಗ ಮೋಟರ್ ಸ್ಪ್ರಿಂಗಿನ ಮ್ಯಾಲ ಒಮ್ಮೆ ತೂಗತೈತಿ. ನಿಲ್ಲೂದ ನಿಮ್ಮದರಾಗ ಎಂದೂ ಕೇಳಿಲ್ಲಲ್ರಿ, ಅದಕ್ಕ ಹೊಸಾದ ಅನಸತೈತಿ."

ನಿಜವಾಗಿತ್ತು. ನನ್ನದು ತಾನಾಗಿ ಒಮ್ಮೆಯೂ ಹಾಗೆ ನಿಂತಿರಲಿಲ್ಲ. ಮಿಸ್ತ್ರಿ ಬಂದು ಮಾಡಿಕೊಡಲು ಒಪ್ಪಿದ, ಆದರೆ ಅವನಿಗೆ ರಜೆ ಸಿಗುವುದು ಸೋಮವಾರ ದಾಟಿದ ಮೇಲೆ. ನಾನು ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಸೋಮವಾರ ಹಿರಿಯರು ಬಂದಾಗ ಫ್ರಿಜ್ಜು ನರಳುತ್ತಲೇ ಇರುತ್ತದೆ. ಸವದತ್ತಿಯ ಮಿಸ್ತ್ರಿ ಹೀಗಂದ ಎಂದು ನಾನು ಹೇಳುತ್ತೇನೆ. ಗೋಡೆ ಇಬ್ಬರದು, ಮುಟ್ಟುವ ಹಾಗಿಲ್ಲ ಎಂದು ಮೈದುನ ಹೇಳುತ್ತಾನೆ. ಮಿಸ್ತ್ರಿ ಬಂದ ಮೇಲೆ ನೋಡೋಣ, ಅಲ್ಲಿಯ ತನಕ ಬಂದ್ ಇರಲಿ ಎನ್ನುತ್ತಾರೆ. ಅಲ್ಲಿಯ ತನಕ ಎಂದರೆ ಬೇಸಿಗೆ ಮುಗಿಯುತ್ತದೆ, ನನ್ನ ಗಿರಾಕಿ ಮುಗಿಯುತ್ತದೆ. ಕೇಳಿ ಒಡೆಯಬೇಕು ಎಂದರೆ ಒಡೆಯುವುದೇ ಆಗುವುದಿಲ್ಲ. ಕೇಳಬಾರದು ಎಂದು ತೀರ್ಮಾನ ಮಾಡಿದೆ.

ಭಾನುವಾರ ಬೆಳಿಗ್ಗೆ ಇವತ್ತು ಊಟ ಇಲ್ಲ ಎಂದು ಬಾಗಿಲಲ್ಲಿ ಹೇಳಿ ಕಳಿಸಿದೆ. ಗಂಡ ಸತ್ತಾಗ ಬಿಟ್ಟರೆ ನನ್ನ ಒಲೆ ಹೊತ್ತದೆ ಇದ್ದದ್ದು ಅವತ್ತೇ. ಮೊದಲು ಪ್ಲಗ್ಗು ಕಿತ್ತೆ. ಸೀರೆ ಕಚ್ಚೆ ಬಿಗಿದು ಹಾರೆ ಹಿಡಿದೆ. ಗೌಂಡಿ ಮೆತ್ತಿದ್ದು ಕಲ್ಲಾಗಿತ್ತು. ಫ್ರಿಜ್ಜಿನ ತಗಡಿಗೆ ತಾಗದ ಹಾಗೆ ಗೋಡೆಯ ಕಡೆಗೆ ಒತ್ತಿ ಒಂದೊಂದೇ ಹೆಂಟೆ ಎಬ್ಬಿಸಿದೆ. ನೆಗೆಣ್ಣಿ ಸಪ್ಪಳ ಕೇಳಿ ಬಂದಳು. ನೋಡಿದಳು. ಬುಟ್ಟಿ ತಂದು ಮಣ್ಣು ತುಂಬತೊಡಗಿದಳು.

ಒಂದು ಮಗ್ಗುಲು ಬಿಟ್ಟಿತು. ಎರಡನೆಯ ಮಗ್ಗುಲಿಗೆ ಹಾರೆ ಹಾಕಿ ತುಸು ಜೋರಾಗಿ ಮೀಟಿದೆ. ತಪ್ಪಿತು. ತೆಳ್ಳನೆಯ ಗೋಡೆ ಆ ಕಡೆಗೆ ಒಡೆದು ಬುಟ್ಟಿಯಷ್ಟು ಅಗಲದ ಕಿಂಡಿಯಾಯಿತು. ಆ ಕಡೆಯಿಂದ ಎಮ್ಮೆ ಮೂತಿ ತಂದು ಉಸಿರು ಬಿಟ್ಟಿತು. ಅದರ ಹಿಂದೆ ಮೈದುನ ನಿಂತಿದ್ದ.

ಬಾಗಿಲಿನಿಂದ ಸುತ್ತಿ ಬಂದ. ಈ ಸಲ ಒಳಗೇ ಬಂದ.

"ವೈನಿ, ಗ್ವಾಡಿ ಇಬ್ಬರದು."

"ಗ್ವಾಡಿ ಇಬ್ಬರದು. ಪ್ರಿಜ್ಜ ನಂದು. ನಾ ನನ್ನ ಪ್ರಿಜ್ಜ ತಗ್ಯಾಕತ್ತೇನಿ."

"ನಾಳಿಗೆ ಹಿರ್ಯಾರು ಬರ್ತಾರ. ಅಲ್ಲಿತನಾ ತಡ್ಯಾಕ ಏನ ಧಾಡಿ ನಿಮಗ?"

"ಹಿರ್ಯಾರು ಬರೂತನಾ ಮೊಸರ ತಡೀತೈತೇನು? ಅದನ್ನ ಮೊದ್ಲ ಕೇಳ್ಕೊಂಡ ಬಾ."

ಹೆಂಡತಿಯ ಕೈಯಲ್ಲಿ ಬುಟ್ಟಿ ನೋಡಿದ. "ನೀ ಒಳಗ ನಡಿ." ಅವಳು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಗೆ ಹೋಗಿ ಮಣ್ಣು ಸುರಿದು, ಖಾಲಿ ಬುಟ್ಟಿ ತೆಗೆದುಕೊಂಡು ತಿರುಗಿ ಇಲ್ಲಿಗೇ ಬಂದಳು. ಅವನು ಆ ಕಿಂಡಿಯನ್ನು ಕೈಯಿಂದ ಅಳೆದು, ನಾಳೆ ಇದನ್ನೇ ತೋರಿಸುತ್ತೇನೆ ಎಂದು ಹೋದ.

ನಾನು ಮತ್ತು ಅವಳು ಕೂಡಿ ಫ್ರಿಜ್ಜನ್ನು ಮಗ್ಗುಲು ಮಗ್ಗುಲಾಗಿ ಎಳೆದು ಹೊರಗೆ ತಂದೆವು. ಹಿಂದೆ ಕರಿ ಜಾಳಿಗೆಯ ತುಂಬ ಮಣ್ಣು, ಹೊಟ್ಟು ಕೂತಿತ್ತು. ಸುಣ್ಣ ಬಳಿಯುವ ಕುಂಚದಿಂದ ಜಾಡಿಸಿದೆ. ತಳದಲ್ಲಿ ಕೈ ಹಾಕಿದರೆ ಸಿಕ್ಕಿತು, ಹಗ್ಗ. ಈಳಿಗೆಯಿಂದ ಕೊಯ್ದೆ. ಒಂದು ಕಟ್ಟಿಗೆ ತಾನೇ ಬಿತ್ತು. ಇನ್ನೊಂದು ಬಿಗಿದುಕೊಂಡಿತ್ತು. ಹೊಡೆದರೆ ಕೊಳವೆ ಒಡೆದೀತು ಎಂದು ಮಿಸ್ತ್ರಿ ಹೇಳಿದ್ದ. ಅಲ್ಲಾಡಿಸಿ ಅಲ್ಲಾಡಿಸಿ ಬೆರಳಿನ ತೊಗಲು ಕಿತ್ತು ಹೊರಗೆ ಬಂತು. ಮೋಟರನ್ನು ಕೈಯಿಂದ ಒತ್ತಿದೆ. ತೊಟ್ಟಿಲಿನ ಹಾಗೆ ತೂಗಿತು.

ಒಲೆಯಿಂದ ದೂರ, ನಡುವಿನ ಬಾಗಿಲಿನ ಬದಿಗೆ, ಯಾವ ಗೋಡೆಗೂ ತಾಗದ ಹಾಗೆ ನಿಲ್ಲಿಸಿದೆ. ಸೆಗಣಿ ಸಾರಿಸಿದ ನೆಲ, ಒಂದು ಕಾಲು ತಗ್ಗಿನಲ್ಲಿತ್ತು. ಮೇಲೆ ತಟ್ಟೆಯಲ್ಲಿ ನೀರಿಟ್ಟು, ನೀರು ಎಲ್ಲ ಕಡೆ ಸಮ ಆಗುವ ತನಕ ಕಾಲಿನ ಕೆಳಗೆ ಚಪ್ಪಟೆ ಕಲ್ಲು ಕೊಟ್ಟೆ. ಕದಲಿಸಿದ ಮೇಲೆ ಒಂದು ರಾತ್ರಿ ಸುಮ್ಮನೆ ನಿಲ್ಲಲಿ ಎಂದು ಮಿಸ್ತ್ರಿ ಹೇಳಿದ್ದ. ನಿಲ್ಲಿಸಿದೆ. ಅದು ಏಳುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಬಲ್ಬು ಬೆಳ್ಳಗಿರುವುದನ್ನು ನೋಡಿ ಪ್ಲಗ್ಗು ಹಾಕಿದೆ. ಗುಂಯ್ ಎಂದಿತು. ಕಲ್ಲಿನ ಡಬ್ಬಿ ಇರಲಿಲ್ಲ.

ಹಿರಿಯರು ಊಟದ ಹೊತ್ತಿಗೇ ಬಂದರು. ಒಬ್ಬರೇ ಬಂದರು. ವಯಸ್ಸಾದವರು, ಓಣಿಯ ಪಾಲು ಜಗಳವೆಲ್ಲ ಅವರ ಮುಂದೆಯೇ ಆಗುವುದು. ಮೈದುನ ಮೊದಲು ಕಿಂಡಿ ತೋರಿಸಿದ. ಅವರು ಬಗ್ಗಿ ನೋಡಿದರು, ಬಂದು ಫ್ರಿಜ್ಜಿನ ಎದುರಿಗೆ ಕೂತರು.

"ಯವ್ವಾ, ಸಪ್ಪಳ ನಿಂತಿಲ್ಲಲ್ಲ?"

"ನಿಂತಿಲ್ರಿ ಅಜ್ಜಾರ. ನಿಲ್ಲೂದೂ ಇಲ್ಲ. ಕುಂತ ಕೇಳ್ರಿ."

ಕೂತು ಕೇಳಿದರು. ಗುಂಯ್ ಎನ್ನುತ್ತಿತ್ತು. ಗುಳುಗುಳು ಎಂದಿತು. ಮೈದುನ ಗಂಟಲು ಸರಿ ಮಾಡಿಕೊಂಡ. ಅಷ್ಟರಲ್ಲಿ ಟಕ್ ಎಂದು, ದಡ್ ಎಂದು ಮೈ ಕೊಡವಿ ನಿಂತಿತು.

"ಕೇಳಿದ್ರಿ?" ಎಂದ ಮೈದುನ. "ಗ್ವಾಡಿ ಬೀಳೂವಂಗ ಬಡೀತು."

"ಅದು ತಣ್ಣಗಾಗಿ ನಿಂತದ್ದು" ಎಂದೆ. "ಮೊದ್ಲ ನಿಲ್ಲತಿರ್ಲಿಲ್ಲ, ಸುತ್ತೂ ಮಣ್ಣ ಮೆತ್ತಿ ನಿಲ್ಲಾಕ ನಾವ ಬಿಟ್ಟಿರ್ಲಿಲ್ಲ. ಅಜ್ಜಾರ, ಗುಂಯ್ ಅನ್ನೂದು ದುಡೀಯೂದು. ಗುಳುಗುಳು ಹರಿಯೂದು. ದಡ್ ಅಂದದ್ದು ಕುಂತದ್ದು. ಇವು ಮೂರೂ ಇರ್ತಾವ. ಇದ್ದ ಇರ್ತಾವ. ಒಂದೂ ನಾ ತಗಿಸೂದಿಲ್ಲ. ರೊಟ್ಟಿ ಬಡಿಯೂ ಸಪ್ಪಳ ಬ್ಯಾಡಂದ್ರ ರೊಟ್ಟಿ ಸಿಗೂದಿಲ್ಲ."

"ಎಮ್ಮಿ ಸಂಗತಿ ಏನು?" ಎಂದರು ಹಿರಿಯರು.

ಮೈದುನ ಬಾಯಿ ತೆರೆಯುವ ಮೊದಲು ನಡುವಿನ ಬಾಗಿಲಿನಿಂದ ಮಾತು ಬಂತು. ನೆಗೆಣ್ಣಿ ಸೆರಗು ಮುಖದ ಮೇಲೆ ಎಳೆದುಕೊಂಡು ನಿಂತಿದ್ದಳು. ಗಂಡಸರು ಕೂತಲ್ಲಿ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಕರಾ ಮಾರಿದ್ದು ಯುಗಾದಿಗಿಂತ ಮೊದ್ಲರಿ. ಎಮ್ಮಿ ಅವತ್ತಿಂದ ಹಾಲ ಏರಸತೈತಿ. ಹಿಂಡಾಕಿ ನಾನು, ನನಗ ಗೊತ್ತೈತಿ. ಪ್ರಿಜ್ಜ ಬಂದದ್ದು ಯುಗಾದಿ ಆದ ಮ್ಯಾಲ."

ಹಿರಿಯರು ಮೈದುನನ ಕಡೆ ನೋಡಿದರು, ಅವನು ನೆಲ ನೋಡಿದ. ಕೊನೆಗೆ ಅವರು, ಸಪ್ಪಳದ ಮಾತು ಇಲ್ಲಿಗೆ ಬಿಡಿ, ಆದರೆ ಗೋಡೆ ಕೇಳದೆ ಒಡೆದದ್ದು ತಪ್ಪು, ಅದನ್ನು ಕಟ್ಟಿಸಿಕೊಡು ಎಂದು ನನಗೆ ಹೇಳಿದರು. ಕಟ್ಟಿಸುತ್ತೇನೆ ಎಂದೆ.

"ಹಂಗಾರ ಬಾಗಲಾನೂ ಕಟ್ಟಿಸಿಬಿಡ್ತೇನಿ" ಎಂದ ಮೈದುನ. "ಆ ಕಡೆದ್ದು ಆ ಕಡೆ, ಈ ಕಡೆದ್ದು ಈ ಕಡೆ. ಬಾವಿ ನನ್ನ ಕಡೆ ಐತಿ, ನೆನಪಿರ್ಲಿ."

ಖಾನಾವಳಿಗೆ ಎಷ್ಟು ಕೊಡ ನೀರು ಬೇಕು ಎಂದು ಅವನಿಗೆ ಗೊತ್ತಿತ್ತು. ಹಿರಿಯರು ಬೇಡ ಎಂದರು, ಅವನು ಕೇಳಲಿಲ್ಲ. ನಾನು ಅಳುತ್ತೇನೆ, ಇಲ್ಲವೇ ಕೈ ಮುಗಿಯುತ್ತೇನೆ ಎಂದು ಕಾದ. ಬೀದಿಯ ನಳ ಯಾರಪ್ಪನದೂ ಅಲ್ಲ, ಕಟ್ಟಿಸು ಎಂದೆ. ಬೆನ್ನು ಬಾಗುವ ತನಕ ಆ ನಳದಿಂದಲೇ ನೀರು ಹೊತ್ತೆ. ಸುಲಭ ಇತ್ತು ಎಂದು ಹೇಳುವುದಿಲ್ಲ.

ನೆಗೆಣ್ಣಿಗೆ ಆ ರಾತ್ರಿ ಏನಾಯಿತೋ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಮರುದಿನ ಹಾಲು ಬೀದಿಯ ಕಡೆಯಿಂದ ಬಂತು. ಅವಳೇ ತಂದಳು. ಊರ ಜನ ನೋಡಲಿ ಎಂಬಂತೆ ಚರಿಗೆ ಮುಚ್ಚಿರಲಿಲ್ಲ.

ಬಾಗಿಲು ಮುಚ್ಚಲು ಬಂದವನು ಅದೇ ಗೌಂಡಿ. ಕಿಂಡಿ ಮುಚ್ಚಿದ. ಬಾಗಿಲಿಗೆ ಇಟ್ಟಿಗೆ ಇಡುತ್ತ ಬಂದ. ನನ್ನ ಕಡೆಯ ಗಿಲಾವು ಮಾಡುವಾಗ ಫ್ರಿಜ್ಜು ಅಡ್ಡ ಬಂತು.

"ಅಕ್ಕಾರ, ಇದನ್ನ ಗ್ವಾಡಿಗೆ ಹತ್ತಿಸಿ ಸರಸ್ರಿ. ಇಷ್ಟ ಸಂದ ಬಿಟ್ರ ಇಲಿ ಸೇರ್ತಾವ. ಮೆತ್ತಿ ಕೊಟ್ಟ ಬಿಡ್ತೇನಿ."

ನಾನು ಕೈ ಬಿಡಿಸಿ ಫ್ರಿಜ್ಜಿನ ಬೆನ್ನಿಗೂ ಅವನ ಹೊಸ ಇಟ್ಟಿಗೆಗೂ ನಡುವೆ ಗೇಣು ಇಟ್ಟೆ. ಹೆಬ್ಬೆರಳು ತಗಡಿಗೆ, ಕಿರುಬೆರಳು ಗೋಡೆಗೆ.

"ಇದನ್ನ ಮುಟ್ಟಬ್ಯಾಡ. ಗ್ವಾಡಿ ಅವಂದು, ಸಂದು ನಂದು. ಇಲಿ ಬಂದ್ರ ನಾ ನೋಡ್ಕೋತೇನಿ."

"ಅವರು ಪೂರ್ತಿ ಮೆತ್ತು ಅಂದಾರ್ರಿ."

"ಅವರ ಕಡೆ ಪೂರ್ತಿ ಮೆತ್ತು. ಮೆತ್ತಿ ಕೈ ತೊಳ್ಕೊಂಡ ಬಾ. ಉಂಡ ಹೋಗು, ಮೊಸರ ಗಟ್ಟಿ ಐತಿ."